ಇವತ್ತು ಯಾಕೋ ಮೂಡಿಲ್ಲ

ಕತೆ ಬರೆಯುವುದು ಕಷ್ಟ. ಕತೆ ಹೇಗೆ ಬರೆಯುತ್ತೇನೆ ಎಂದು ಮಾತಾಡುವುದು ಬಹಳ ಸುಲಭ. ಎರಡನೆಯದಕ್ಕೆ ಶಾಲು, ಹಾರ, ಮೈಸೂರು ಪೇಟ, ಕೆಲವು ಕಡೆ ಹಣ್ಣಿನ ಬುಟ್ಟಿಯೂ ಸಿಗುತ್ತದೆ. ಮೊದಲನೆಯದಕ್ಕೆ ಸಿಗುವುದು ಸೊಂಟನೋವು. ಆದ್ದರಿಂದ ನಮ್ಮ ಅನೇಕ ಕತೆಗಾರರು ಜಾಣರಾಗಿ ಎರಡನೆಯದನ್ನೇ ಕಸುಬು ಮಾಡಿಕೊಂಡಿದ್ದಾರೆ. ಯಾವ ಸಾಹಿತ್ಯ ಸಂವಾದಕ್ಕೆ ಬೇಕಾದರೂ ಹೋಗಿ ನೋಡಿ. ಪ್ರಶ್ನೋತ್ತರ ಶುರುವಾದ ಕೂಡಲೇ ಮೂರನೇ ಸಾಲಿನಿಂದ ಒಬ್ಬರು ಎದ್ದು, ಮೈಕು ಕೈಗೆ ಬರುವ ತನಕ ಕಾದು, 'ಸಾರ್, ತಮ್ಮ ಸೃಜನಶೀಲ ಪ್ರಕ್ರಿಯೆಯ ಬಗ್ಗೆ ಸ್ವಲ್ಪ ಬೆಳಕು ಚೆಲ್ಲಬೇಕು' ಎನ್ನುತ್ತಾರೆ. ಹೀಗೆ ಕೇಳಲು ಆ ಸಾರ್ ಬರೆದ ಒಂದು ಪುಟವನ್ನೂ ಓದಿರಬೇಕಾಗಿಲ್ಲ. ಓದದೆ ಕೇಳಬಹುದಾದ ಪ್ರಶ್ನೆ ಅಂತ ಇರುವುದು ಅದೊಂದೇ. ಸಾರ್ ಕಣ್ಣು ಮುಚ್ಚುತ್ತಾರೆ, ಕನ್ನಡಕ ತೆಗೆಯುತ್ತಾರೆ, ಒರೆಸುತ್ತಾರೆ, ಮತ್ತೆ ಹಾಕಿಕೊಳ್ಳುತ್ತಾರೆ. 'ಕತೆಯನ್ನು ನಾನು ಬರೆಯುವುದಿಲ್ಲ. ಕತೆಯೇ ನನ್ನ ಕೈಯಲ್ಲಿ ಬರೆಸಿಕೊಳ್ಳುತ್ತದೆ.' ಚಪ್ಪಾಳೆ. ಹಾಗಾದರೆ ಗೌರವಧನದ ಲಕೋಟೆಯನ್ನು ಕತೆಗೇ ಕೊಟ್ಟುಬಿಡೋಣವೇ ಎಂದು ಕೇಳಿದ ಸಂಘಟಕರನ್ನು ನಾನಿನ್ನೂ ಕಂಡಿಲ್ಲ.

ನನ್ನ ಬಳಗದಲ್ಲೂ ಒಬ್ಬರಿದ್ದಾರೆ. ಹೆಸರು ಹೇಳಿದರೆ ಅವರ ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಕೇಳುತ್ತೀರಿ, ಅದು ಅವರಿಗೂ ಗೊತ್ತಿಲ್ಲ. ಬರೀ 'ಕತೆಗಾರರು' ಎಂದಿರಲಿ. ನೌಕರಿಯಲ್ಲಿದ್ದಾಗ ಇವರು ಬರೆದರು ನೋಡಿ! ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಆಫೀಸಿನ ರದ್ದಿ ಹಾಳೆಗಳ ಬೆನ್ನಲ್ಲಿ. ಮೇಲಧಿಕಾರಿ ರಜೆ ಹಾಕಿದರೆ ದಿನವಿಡೀ. ಒಳ್ಳೊಳ್ಳೆಯ ಕತೆಗಳು. ಆಮೇಲೆ ನಿವೃತ್ತರಾದರು. 'ಇನ್ನೇನಿದ್ದರೂ ಪೂರ್ಣಾವಧಿ ಬರವಣಿಗೆ' ಎಂದು ಬೀಳ್ಕೊಡುಗೆ ಸಮಾರಂಭದಲ್ಲೇ ಸಾರಿದರು. ಮಹಡಿಯ ಮೇಲೆ ಪೂರ್ವಕ್ಕೆ ಕಿಟಕಿಯಿರುವ ಕೋಣೆ ಎದ್ದಿತು. ತೇಗದ ಮೇಜು, ಸೊಂಟಕ್ಕೆ ಆಸರೆ ಕೊಡುವ ಕುರ್ಚಿ, ಕಣ್ಣಿಗೆ ಹೊಡೆಯದ ದೀಪ, ಗೋಡೆಗೆ ಬೇಂದ್ರೆ, ಕುವೆಂಪು ಪಟ, ಎಲ್ಲ ಬಂದವು. ಬಾರದೆ ಉಳಿದದ್ದು ಕತೆ ಒಂದೇ.

'ಏನ್ ಸಾರ್, ಕಾದಂಬರಿ ಎಲ್ಲಿಗೆ ಬಂತು?' ಎಂದು ಕೇಳಿದರೆ, 'ಒಳಗೇ ಕುದೀತಾ ಇದೆ ಕಣಯ್ಯಾ' ಎನ್ನುತ್ತಾರೆ.

'ಕುದೀತಿರೋದು ಸಾರು. ಬಂದು ಸ್ವಲ್ಪ ಗ್ಯಾಸ್ ಆರಿಸ್ತೀರಾ?' ಎಂದು ಹಿತ್ತಲಿನಿಂದ ಅತ್ತಿಗೆಯ ದನಿ ಬರುತ್ತದೆ.

ಅವರ ದಿನಚರಿ ಕೇಳಿ. ಐದಕ್ಕೆ ಏಳುತ್ತಾರೆ. ಏಳುವುದರಲ್ಲಿ ಮೋಸವಿಲ್ಲ. ಬ್ರಾಹ್ಮೀ ಮುಹೂರ್ತದಲ್ಲಿ ಸರಸ್ವತಿ ಮನೆಮನೆಯ ಮುಂದೆ ಸುಳಿದಾಡುತ್ತಾಳಂತೆ. ಆದರೆ ಸರಸ್ವತಿಗಿಂತ ಮೊದಲು ಹಾಲಿನವನು ಬರುತ್ತಾನೆ. ಹಾಲು ಬಂದ ಮೇಲೆ ಕಾಫಿ, ಕಾಫಿಯಾದ ಮೇಲೆ ಪೇಪರು. ಕತೆಗಾರನಿಗೆ ಲೋಕದ ನಾಡಿ ಸಿಗಬೇಕಲ್ಲ. ನಾಡಿ ಹಿಡಿಯುತ್ತ ಹಿಡಿಯುತ್ತ ಪದಬಂಧಕ್ಕೆ ಬಂದು ನಿಲ್ಲುತ್ತಾರೆ. ಆಮೇಲೆ ವಾಕಿಂಗು, ಅದು ಪಾತ್ರಗಳ ಪರಿಶೀಲನೆಗೆ. ಪಾರ್ಕಿನ ಬೆಂಚಿನ ಮೇಲೆ ಸಿಗುವ ಪಾತ್ರಗಳೆಲ್ಲ ಇವರ ಹಾಗೇ ನಿವೃತ್ತರು. ಸಕ್ಕರೆ ಕಾಯಿಲೆ, ಸೊಸೆ, ಸರ್ಕಾರ, ಮೂರೇ ವಸ್ತು. ಸ್ನಾನ, ತಿಂಡಿ ಮುಗಿಸಿ ಮೇಜಿನ ಮುಂದೆ ಕೂತಾಗ ಹತ್ತು ಗಂಟೆ. ಪೆನ್ನಿಗೆ ಇಂಕು ತುಂಬುತ್ತಾರೆ. ಇಂಕು ಕೈಗೆ ಬಳಿಯುತ್ತದೆ. ಕೈ ತೊಳೆಯಲು ಕೆಳಗಿಳಿಯುತ್ತಾರೆ. ಇಳಿದವರನ್ನು ಅತ್ತಿಗೆ ಸುಮ್ಮನೆ ಬಿಡುವುದಿಲ್ಲ, ಕೊತ್ತಂಬರಿ ಸೊಪ್ಪಿಗೆ ಕಳಿಸುತ್ತಾರೆ. ಮಧ್ಯಾಹ್ನ ನಿದ್ದೆ. ಅದನ್ನು ನಿದ್ದೆ ಎನ್ನಕೂಡದು, ಸುಪ್ತಪ್ರಜ್ಞೆಯಲ್ಲಿ ವಸ್ತು ಮಾಗುವ ಹೊತ್ತು ಅದು. ಗೊರಕೆ ಕೇಳಿದವರು ವಸ್ತು ಭರ್ಜರಿಯಾಗಿ ಮಾಗುತ್ತಿದೆ ಎಂದೇ ತಿಳಿಯಬೇಕು. ಸಂಜೆಗೆ ಯಾರದೋ ಪುಸ್ತಕ ಬಿಡುಗಡೆ. ರಾತ್ರಿ ಒಂಬತ್ತಕ್ಕೆ ನನಗೆ ಫೋನು: 'ಇವತ್ತು ಯಾಕೋ ಮೂಡಿಲ್ಲ ಕಣಯ್ಯಾ.'

ಬರೆಯದಿದ್ದರೇನಂತೆ, ಬರೆಯುವವರ ಅಭ್ಯಾಸಗಳೆಲ್ಲ ಅವರಿಗೆ ಬಾಯಿಪಾಠ. ಜಪಾನಿನ ಹರುಕಿ ಮುರಕಮಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಐದಾರು ಗಂಟೆ ಬರೆದು, ಮಧ್ಯಾಹ್ನ ಹತ್ತು ಕಿಲೋಮೀಟರ್ ಓಡಿಯೋ ಒಂದೂವರೆ ಕಿಲೋಮೀಟರ್ ಈಜಿಯೋ ರಾತ್ರಿ ಒಂಬತ್ತಕ್ಕೆ ಮಲಗುತ್ತಾನೆ ಎಂದು ಓದಿದ ವಾರವೇ ಓಟದ ಬೂಟು ಬಂತು. ಮುರಕಮಿಯ ದಿನಚರಿಯಲ್ಲಿ ಬೂಟಿಗಿಂತ ಮೊದಲು ಬರುವ ಆ ಐದಾರು ಗಂಟೆ ಅವರ ಕಣ್ಣಿಗೆ ಬಿದ್ದಂತಿಲ್ಲ. ಫ್ರಾನ್ಸಿನ ಬಾಲ್ಜಾಕ್ ಸನ್ಯಾಸಿಯ ನಿಲುವಂಗಿಯಂಥದ್ದನ್ನು ತೊಟ್ಟು, ನಡುರಾತ್ರಿಯಿಂದ ಬೆಳಗಿನವರೆಗೆ ಕಾಫಿ ಕುಡಿಕುಡಿದು ಬರೆದನಂತೆ. ದಿನಕ್ಕೆ 50 ಕಪ್ಪು ಎಂಬ ದಂತಕತೆಯೇ ಹುಟ್ಟಿಕೊಂಡಿದೆ. ಕಾಫಿ ಮೈಯಲ್ಲಿ ಏನೇನು ಮಾಡುತ್ತದೆ ಎಂದು ಒಂದು ಪ್ರಬಂಧವನ್ನೂ ಬರೆದ. 1850ರಲ್ಲಿ, 51ರ ವಯಸ್ಸಿಗೇ ತೀರಿಕೊಂಡ. ನಮ್ಮ ಕತೆಗಾರರು ಕಾಫಿಯ ಮಟ್ಟಿಗೆ ಬಾಲ್ಜಾಕನನ್ನು ಸಮೀಪಿಸಿದ್ದಾರೆ. ಚಿಕ್ಕಮಗಳೂರಿನ ಪುಡಿ, ಚಿಕೋರಿ ಇಲ್ಲದ್ದೇ ಆಗಬೇಕು. ಡಿಕಾಕ್ಷನ್ ಮೊದಲನೆಯದೇ ಆಗಬೇಕು. ಇನ್ನು ಜರ್ಮನಿಯ ಷಿಲರ್ ಮೇಜಿನ ಡ್ರಾಯರಿನಲ್ಲಿ ಕೊಳೆತ ಸೇಬು ಇಟ್ಟುಕೊಳ್ಳುತ್ತಿದ್ದ, ಆ ವಾಸನೆ ಇಲ್ಲದಿದ್ದರೆ ಅವನಿಗೆ ಬರವಣಿಗೆ ಹತ್ತುತ್ತಿರಲಿಲ್ಲ ಎಂದು ಗಯಟೆ ಹೇಳಿದ್ದಾನೆ. ವಾಸನೆಯಿಂದ ಸಾಹಿತ್ಯ ಹುಟ್ಟುವುದಾಗಿದ್ದರೆ ಹಲಸಿನ ಹಣ್ಣಿನ ಕಾಲದಲ್ಲಿ ನಮ್ಮ ಮಲೆನಾಡಿನ ಮನೆಮನೆಯಲ್ಲೂ ಒಂದೊಂದು ಮಹಾಕಾವ್ಯ ಆಗಬೇಕಿತ್ತು.

ಕೋಣೆಯ ವಿಷಯಕ್ಕೆ ಆರ್.ಕೆ. ನಾರಾಯಣರ ಕತೆಯೇ ಸಾಕು. ಮೈಸೂರಿನ ಯಾದವಗಿರಿಯಲ್ಲಿ ಮನೆ ಕಟ್ಟಿಸಿದಾಗ ಬರೆಯಲೆಂದೇ ಎಂಟು ಕಿಟಕಿಗಳ ಒಂದು ಕೋಣೆ ಮಾಡಿಸಿಕೊಂಡರು. ಚಾಮುಂಡಿಬೆಟ್ಟ ಕಾಣುತ್ತಿತ್ತು, ಮರ ಕಾಣುತ್ತಿತ್ತು, ಹೂ ಕಾಣುತ್ತಿತ್ತು. ನೋಡುತ್ತ ಕೂತರೇ ಹೊರತು ಬರೆಯಲಾಗಲಿಲ್ಲ. ಕೊನೆಗೆ ದಪ್ಪ ಪರದೆ ಎಳೆದು ಬೆಟ್ಟವನ್ನೂ ಹೂವನ್ನೂ ಮುಚ್ಚಿ, ಬೂದುಬಣ್ಣದ ಬಟ್ಟೆಯೊಂದನ್ನೇ ನೋಡುತ್ತ ದಿನಕ್ಕೆ ಸಾವಿರ ಪದದಂತೆ ಬರೆದರು. ಇದನ್ನು ಅವರೇ ಬರೆದುಕೊಂಡಿದ್ದಾರೆ. ಅಷ್ಟೆಲ್ಲ ಕಿಟಕಿಯ ಮನೆ ಮೈಸೂರಿನಲ್ಲಿರುವಾಗ 'ದಿ ಗೈಡ್' ಬರೆದದ್ದೆಲ್ಲಿ? 1956ರಲ್ಲಿ ಅಮೆರಿಕಕ್ಕೆ ಹೋದಾಗ, ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಒಂದು ಹೋಟೆಲ್ ಕೋಣೆಯಲ್ಲಿ. ಸಸ್ಯಾಹಾರಿ ಊಟಕ್ಕೆ ಪರದಾಡುವ ಊರಿನಲ್ಲಿ ಕೂತು ಮಾಲ್ಗುಡಿಯ ರಾಜುವನ್ನು ಉಪವಾಸ ಕೂರಿಸಿದರು. ಇದನ್ನು ನಾನು ನಮ್ಮ ಕತೆಗಾರರಿಗೆ ಹೇಳಿದೆ. 'ಹಾಗಾದರೆ ನಾನೂ ಎಲ್ಲಾದರೂ ದೂರ ಹೋಗಿ ಬರೀಬೇಕು ಅಂತೀಯಾ?' ಎಂದರು. 'ಹೋಗಿ ಬನ್ನಿ, ಬರೆಯದಿದ್ದರೂ ಪರವಾಗಿಲ್ಲ' ಎಂದರು ಅತ್ತಿಗೆ.

ಅಭ್ಯಾಸ ಅಂತಲೇ ಮಾತಾಡುವುದಾದರೆ ಮಾತಾಡಬೇಕಾದ ಹೆಸರು ಆಂಟನಿ ಟ್ರಾಲಪ್. ಇಂಗ್ಲೆಂಡಿನ ಅಂಚೆ ಇಲಾಖೆಗೆ 1834ರಲ್ಲಿ ಗುಮಾಸ್ತನಾಗಿ ಸೇರಿದವನು 1867ರ ತನಕ ಅಲ್ಲೇ ದುಡಿದ. ರಸ್ತೆಬದಿಯಲ್ಲಿ ನಿಂತು ಜನರ ಕಾಗದ ನುಂಗುವ ಅಂಚೆಡಬ್ಬಿ ಇದೆಯಲ್ಲ, ಅದನ್ನು 1852ರಲ್ಲಿ ಚಾನೆಲ್ ದ್ವೀಪಗಳಲ್ಲಿ ಇಡಿಸಿದವನು ಇವನೇ. ಇಷ್ಟರ ಜೊತೆಗೆ 47 ಕಾದಂಬರಿ. ಹೇಗೆ? ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಹಾಜರು. ಮೊದಲ ಅರ್ಧಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದು. ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ. ಒಟ್ಟು ಮೂರು ಗಂಟೆ, ಮುಗಿಯಿತು. ತಿಂಡಿ ತಿಂದು ಕಚೇರಿಗೆ. ವಾರಕ್ಕೆ ಎಷ್ಟು ಪುಟವಾಯಿತೆಂದು ದಿನಚರಿ ಪುಸ್ತಕದಲ್ಲಿ ಲೆಕ್ಕ. ಸರಾಸರಿ 40 ಪುಟ, ಪುಟಕ್ಕೆ 250 ಪದ. ಲೆಕ್ಕ ಬಿದ್ದುಹೋದ ವಾರ ಆ ಖಾಲಿ ಜಾಗ ಕಣ್ಣಿಗೆ ಚುಚ್ಚುತ್ತಿತ್ತಂತೆ. ರೈಲಿನಲ್ಲಿ ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ಬರೆದ, ಹಡಗಿನಲ್ಲೂ ಬರೆದ. ಒಂದು ಕಾದಂಬರಿ ಮುಗಿಸಿದ ಮರುದಿನವೇ ಇನ್ನೊಂದಕ್ಕೆ ಕೈ ಹಾಕಿದ್ದೂ ಉಂಟು. ಮುಗಿದ ಕಾದಂಬರಿಗೆ ಸೂತಕ, ಗೀತಕ ಏನಿಲ್ಲ.

ಇದನ್ನೆಲ್ಲ ಅವನು ಗುಟ್ಟಾಗಿಟ್ಟಿದ್ದರೆ ಒಳ್ಳೆಯದಿತ್ತು. ಆತ್ಮಕತೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಿಟ್ಟ. ಸತ್ತ ಮರುವರ್ಷ, 1883ರಲ್ಲಿ ಅದು ಅಚ್ಚಾಯಿತು. ರಸಿಕರಿಗೆ ಬೇಜಾರೋ ಬೇಜಾರು. ಕಣ್ಣೀರು ಹಾಕಿಕೊಂಡು ಓದಿದ ಅಧ್ಯಾಯವನ್ನು ಇವನು ಗಡಿಯಾರ ನೋಡಿಕೊಂಡು ಬರೆದನೇ! ಹಣಕ್ಕೆ ಬರೆದೆ ಅಂತ ಬೇರೆ ಹೇಳುತ್ತಾನೆ, ಯಾವ ಕಾದಂಬರಿಗೆ ಎಷ್ಟು ಬಂತೆಂದು ಪಟ್ಟಿ ಬೇರೆ ಕೊಡುತ್ತಾನೆ! ಬಹಳ ಕಾಲ ಅವನ ಹೆಸರಿಗೆ ಮಂಕು ಕವಿಯಿತು. ಅವನ ಕಾದಂಬರಿಗಳಲ್ಲಿ ಒಂದು ವಾಕ್ಯವೂ ಬದಲಾಗಿರಲಿಲ್ಲ ಎಂಬುದನ್ನು ಗಮನಿಸಿ. ಮೊದಲು ಚೆನ್ನಾಗಿದ್ದದ್ದು ಗಡಿಯಾರದ ಸುದ್ದಿ ಗೊತ್ತಾದ ಮೇಲೆ ಚೆನ್ನಾಗಿಲ್ಲದೆ ಹೋಯಿತು. ಓದುಗರಿಗೂ ಕತೆಗಾರ ಸ್ವಲ್ಪ ಒದ್ದಾಡಬೇಕು, ರಾತ್ರಿ ನಿದ್ದೆಗೆಡಬೇಕು, ಗಡ್ಡ ಬಿಡಬೇಕು. ಹಾಗಾಗಿ ಇವರು ಬಿಡುತ್ತಾರೆ. ಗಿರಾಕಿ ಕೇಳಿದ ಸರಕನ್ನು ಅಂಗಡಿಯವನು ಇಡದೆ ಏನು ಮಾಡುತ್ತಾನೆ?

ಟ್ರಾಲಪ್‌ನ ಆತ್ಮಕತೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವನ ಆಳಿನ ಪ್ರಸಂಗ. ಕುದುರೆ ನೋಡಿಕೊಳ್ಳುವ ಮುದುಕನೊಬ್ಬನಿದ್ದ. ಬೆಳಗಿನ ಜಾವ ಯಜಮಾನನನ್ನು ಎಬ್ಬಿಸಿ ಕಾಫಿ ತಂದುಕೊಡುವುದು ಅವನ ಹೆಚ್ಚುವರಿ ಕೆಲಸ. ಅದಕ್ಕೆ ವರ್ಷಕ್ಕೆ 5 ಪೌಂಡ್ ಹೆಚ್ಚುವರಿ ಸಂಬಳ. ಅಷ್ಟು ವರ್ಷದಲ್ಲಿ ಒಂದು ದಿನವೂ ಅವನು ತಡ ಮಾಡಲಿಲ್ಲ, ನನ್ನ ಯಶಸ್ಸಿಗೆ ಬೇರೆ ಯಾರಿಗಿಂತಲೂ ಇವನಿಗೇ ಹೆಚ್ಚು ಋಣಿ ಎನ್ನಬೇಕೋ ಏನೋ ಎಂಬ ಧಾಟಿಯಲ್ಲಿ ಟ್ರಾಲಪ್ ಬರೆದಿದ್ದಾನೆ. ಈಗ ಕನ್ನಡಕ್ಕೆ ಬನ್ನಿ. ನಮ್ಮ ಎಷ್ಟು ಕಾದಂಬರಿಗಳು ಯಾರ ಕಾಫಿಯ ಮೇಲೆ ನಿಂತಿವೆ ಎಂದು ಯಾವ ವಿಮರ್ಶಕನಾದರೂ ಲೆಕ್ಕ ಹಾಕಿದ್ದಾನೆಯೇ? ಐದು ಪೌಂಡು ಹಾಗಿರಲಿ, ಅರ್ಪಣೆಯ ಪುಟದಲ್ಲಿ ಹೆಸರಿಲ್ಲದೆ 'ಸಹಧರ್ಮಿಣಿಗೆ' ಎಂದು ಒಂದು ಪದ. ಅದೂ ಮೂರನೆಯದೋ ನಾಲ್ಕನೆಯದೋ ಪುಸ್ತಕಕ್ಕೆ. ಮೊದಲಿನವೆಲ್ಲ ಗುರುಗಳಿಗೆ, ಮುನ್ನುಡಿಕಾರರಿಗೆ ಹೋಗಿರುತ್ತವೆ. ನಮ್ಮ ಅತ್ತಿಗೆಗೆ ಈ ಲೆಕ್ಕ ಒಪ್ಪಿಸಿದೆ. 'ಹಳೇ ಬಾಕಿ ಎಲ್ಲ ಸೇರಿಸಿ ಇವತ್ತಿನ ಬೆಲೆಗೆ ಎಷ್ಟಾಗುತ್ತೆ ಹೇಳಪ್ಪಾ' ಎಂದು ಪೆನ್ಸಿಲ್ ತೆಗೆದುಕೊಂಡು ಕೂತರು. ಕತೆಗಾರರು ಮಹಡಿ ಹತ್ತಿದರು.

ಟ್ರಾಲಪ್‌ನಿಗೆ 47 ಎಂದೆನಲ್ಲ, ನಮ್ಮ ಶಿವರಾಮ ಕಾರಂತರ ಹೆಸರಿನ ಮುಂದಿರುವ ಲೆಕ್ಕವೂ 47 ಕಾದಂಬರಿಯೇ. ಕಾರಂತರು ಅಷ್ಟರಲ್ಲಿ ನಿಲ್ಲಲಿಲ್ಲ ಎಂಬುದು ಬೇರೆ ಮಾತು. ಯಕ್ಷಗಾನ, ಮಕ್ಕಳಿಗೆ 'ಬಾಲಪ್ರಪಂಚ', ದೊಡ್ಡವರಿಗೆ 'ವಿಜ್ಞಾನ ಪ್ರಪಂಚ', ಪುತ್ತೂರಿನ ಬಾಲವನ, ಕೈಗಾ ಅಣುಸ್ಥಾವರದ ವಿರುದ್ಧ ಹೋರಾಟ, ನಡುನಡುವೆ ಚುನಾವಣೆಗೆ ನಿಂತು ಸೋಲುವುದು. ಇದರಲ್ಲಿ ಸ್ಫೂರ್ತಿಗೆ ಕಾದು ಕೂರಲು ಹೊತ್ತೆಲ್ಲಿತ್ತು? ಮಾಸ್ತಿಯವರು ಮೈಸೂರು ಸಂಸ್ಥಾನದ ಅಧಿಕಾರಿ. ಜಮಾಬಂದಿ, ಕಡತ, ವರ್ಗಾವಣೆಗಳ ನಡುವೆ ಕನ್ನಡದ ಸಣ್ಣಕತೆಯನ್ನು ಕೈಹಿಡಿದು ನಡೆಸಿದರು. ನಿವೃತ್ತರಾದ ಮೇಲೂ 'ಜೀವನ' ಪತ್ರಿಕೆ ನಡೆಸುತ್ತ 1956ರಲ್ಲಿ 'ಚಿಕವೀರ ರಾಜೇಂದ್ರ' ಕೊಟ್ಟರು. ಸಂಜೆ ಬಸವನಗುಡಿ ಕ್ಲಬ್ಬಿನ ಇಸ್ಪೀಟು ಮಾತ್ರ ತಪ್ಪಿಸಲಿಲ್ಲ. ನಮ್ಮ ಕತೆಗಾರರು ಮಾಸ್ತಿಯವರಿಂದ ಇಸ್ಪೀಟನ್ನು ಪೂರ್ತಿಯಾಗಿ ಕಲಿತಿದ್ದಾರೆ. ಯಶವಂತ ಚಿತ್ತಾಲರು ಪಾಲಿಮರ್ ತಂತ್ರಜ್ಞ, ವಾಸ ಮುಂಬಯಿಯ ಬಾಂದ್ರಾದ ಕಡಲ ಎದುರು. ಬರೆದದ್ದು ಉತ್ತರ ಕನ್ನಡದ ಹನೇಹಳ್ಳಿಯನ್ನು. ಬಾನು ಮುಷ್ತಾಕ್ ಹಾಸನದ ವಕೀಲೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಸಂಕಲನದ ಹನ್ನೆರಡು ಕತೆಗಳು 1990ರಿಂದ 2023ರವರೆಗೆ ಬರೆದವು. ಕರಿಕೋಟು, ಕಕ್ಷಿದಾರರು, ವಾಯಿದೆಗಳ ಮಧ್ಯೆ ಆಗಾಗ ಒಂದೊಂದು.

ಹೆಂಗಸರ ಮಾತು ಬಂದರೆ ಅಭ್ಯಾಸದ ಚರ್ಚೆಯೇ ಬಾಯಿ ಮುಚ್ಚಬೇಕಾಗುತ್ತದೆ. ಜೇನ್ ಆಸ್ಟಿನ್ ಚಾಟನ್ ಎಂಬ ಹಳ್ಳಿಯ ಮನೆಯಲ್ಲಿ ಸಣ್ಣಸಣ್ಣ ಹಾಳೆಗಳಲ್ಲಿ ಬರೆಯುತ್ತಿದ್ದಳಂತೆ. ಯಾರಾದರೂ ಬಂದರೆ ಬಾಗಿಲು ಕಿರುಗುಟ್ಟುತ್ತಿತ್ತು, ತಕ್ಷಣ ಹಾಳೆ ಮರೆಯಾಗುತ್ತಿತ್ತು. ಆ ಕಿರುಗುಟ್ಟುವ ಬಾಗಿಲನ್ನು ರಿಪೇರಿ ಮಾಡಿಸಬೇಡಿ ಎಂದು ಅವಳೇ ಹೇಳಿದ್ದಳಂತೆ. ನಮ್ಮ ಮನೆಗಳಲ್ಲಿ ಹೆಂಗಸರಿಗೆ ಹಾಕಿಕೊಳ್ಳಲು ಬಾಗಿಲೇ ಇರಲಿಲ್ಲ, ಇನ್ನು ಕಿರುಗುಟ್ಟುವುದೆಲ್ಲಿಂದ? ಆದರೂ ತ್ರಿವೇಣಿ ಸುಮಾರು ಹತ್ತು ವರ್ಷದಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದು 1963ರಲ್ಲಿ, 34ಕ್ಕೇ ಹೊರಟುಹೋದರು. ಅದೇ ವರ್ಷ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂತು. ಆಗ ಅವರಿಗೆ 45 ದಾಟಿತ್ತು. ಮನೆ, ಮಕ್ಕಳು, ನೆಂಟರು ಎಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಶುರುಮಾಡಿ 'ಫಣಿಯಮ್ಮ'ನ ತನಕ ಬಂದರು. ಈ ಇಬ್ಬರಲ್ಲಿ ಯಾರನ್ನಾದರೂ ಯಾರಾದರೂ ವೇದಿಕೆಯ ಮೇಲೆ ನಿಲ್ಲಿಸಿ 'ತಮ್ಮ ಸೃಜನಶೀಲ ಪ್ರಕ್ರಿಯೆ' ಎಂದು ಕೇಳಿದ್ದರೆ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಹೇಳಿ ಇಳಿದುಬಿಡುತ್ತಿದ್ದರೇನೋ.

ದೊಡ್ಡವರನ್ನು ಅನುಕರಿಸುವುದರಲ್ಲೂ ಒಂದು ಚಮತ್ಕಾರವಿದೆ. ಅನುಕರಣೆಗೆ ಸಿಗುವುದು ಯಾವಾಗಲೂ ಬರವಣಿಗೆಯ ಆಚೀಚೆ ಇರುವ ವಸ್ತು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಮೀನು ಹಿಡಿದರು, ಹಕ್ಕಿಗಳ ಫೋಟೊ ತೆಗೆದರು. ಆಮೇಲಿನ ತಲೆಮಾರಿನಲ್ಲಿ ಎಷ್ಟು ಗಾಳ, ಎಷ್ಟು ಕ್ಯಾಮೆರಾ, ಎಷ್ಟು ಗಡ್ಡ ಖರ್ಚಾದವು! 'ಕರ್ವಾಲೊ' ಮಾತ್ರ ಒಂದೇ ಉಳಿಯಿತು. ಭೈರಪ್ಪನವರು 'ಪರ್ವ' ಬರೆಯುವ ಮೊದಲು ಹಿಮಾಲಯದ ತಪ್ಪಲು, ಮಹಾಭಾರತದ ಜಾಗಗಳನ್ನೆಲ್ಲ ಸುತ್ತಿದರು ಎಂದು ಓದಿದ ನಮ್ಮ ಕತೆಗಾರರು ಕೊಡಗಿನ ಹಿನ್ನೆಲೆಯ ಕಾದಂಬರಿಗಾಗಿ ಕ್ಷೇತ್ರಕಾರ್ಯಕ್ಕೆ ಹೊರಟರು. ಸಂಸಾರಸಮೇತ. ಬರುವಾಗ ಜೇನುತುಪ್ಪ, ಕಿತ್ತಳೆ, ಏಲಕ್ಕಿ ಬಂದವು. ನನಗೂ ಒಂದು ಬಾಟಲಿ ಜೇನು ಕೊಟ್ಟರು, ಚೆನ್ನಾಗಿತ್ತು. ಕಾದಂಬರಿಯ ಹೆಸರು ಮಾತ್ರ ಇಲ್ಲಿಯವರೆಗೆ ಹೊಳೆದಿಲ್ಲ. ಇವೆಲ್ಲ ಕೈಕೊಟ್ಟಾಗ ಕೊನೆಯ ಆಶ್ರಯ ದೇವನೂರ ಮಹಾದೇವ. 'ಅವರು ಎಷ್ಟು ಕಮ್ಮಿ ಬರೆದಿದ್ದಾರೆ ನೋಡು, ಎಲ್ಲ ಸೇರಿದರೂ ಒಂದು ಕೈಯಲ್ಲಿ ಹಿಡೀಬಹುದು' ಎನ್ನುತ್ತಾರೆ. ನಿಜ. ಆದರೆ ಆ ಕೈಯಲ್ಲಿ 'ಒಡಲಾಳ'ವೂ 'ಕುಸುಮಬಾಲೆ'ಯೂ ಇರುತ್ತವೆ. ಕಮ್ಮಿ ಬರೆಯುವ ಹಕ್ಕು ಅವನ್ನು ಬರೆದ ಮೇಲೆ ಬರುವಂಥದ್ದು. ಅದನ್ನು ಮುಂಗಡ ಪಡೆಯಲಾಗುವುದಿಲ್ಲ.

ಹಾಗಾದರೆ ಕತೆ ಹುಟ್ಟುವುದು ಹೇಗಯ್ಯಾ ಎಂದು ಕೇಳುತ್ತೀರಿ. ಬಹಳ ಮಟ್ಟಿಗೆ ಬೇರೆ ಯಾವುದೋ ಕೆಲಸ ಮಾಡಬೇಕಾಗಿದ್ದಾಗ, ಇಲ್ಲವೇ ಯಾರೋ ಬಾಗಿಲಿಗೆ ಬಂದು ನಿಂತಾಗ. ಮೊದಲನೆಯದಕ್ಕೆ 'ಸಂಸ್ಕಾರ' ಸಾಕ್ಷಿ. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿಗೆ ಹೋದದ್ದು ಇಂಗ್ಲಿಷಿನಲ್ಲಿ ಪಿಎಚ್‌.ಡಿ. ಮಾಡಲು. ಅಲ್ಲಿ ಮಾಲ್ಕಂ ಬ್ರಾಡ್ಬರಿ ಜೊತೆ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ಸಿನಿಮಾಕ್ಕೆ ಹೋದರು. ಸ್ವೀಡಿಷ್ ಸಿನಿಮಾ, ಕೆಳಗೆ ಇಂಗ್ಲಿಷ್ ಅಕ್ಷರಗಳೂ ಇಲ್ಲ. ಅದನ್ನು ನೋಡಿಕೊಂಡು ಬಂದ ಮನುಷ್ಯ 1965ರಲ್ಲಿ ಕನ್ನಡದಲ್ಲಿ ದೂರ್ವಾಸಪುರದ ಅಗ್ರಹಾರ ಬರೆದರು. ಥೀಸಿಸ್ ಬರೆಯಬೇಕಾದವನಿಗೆ ಕಾದಂಬರಿ ಬಂದೇ ಬರುತ್ತದೆ. ನಮ್ಮ ಕತೆಗಾರರಿಗೆ ಕಾದಂಬರಿ ಬಿಟ್ಟು ಬೇರೆ ಕೆಲಸವೇ ಇಲ್ಲ, ಪಾಪ. ಅದನ್ನು ತಪ್ಪಿಸಿಕೊಂಡು ಮಾಡಲು ಪದಬಂಧ ಬಿಟ್ಟರೆ ಏನಿದೆ?

ಬಾಗಿಲಿಗೆ ಬಂದು ನಿಲ್ಲುವ ಎರಡನೆಯ ವಿಧಕ್ಕೆ ಸ್ಫೂರ್ತಿದೇವತೆ ಎಂದು ಹೆಸರಿಟ್ಟಿದ್ದಾರೆ, ಅವಳ ನಿಜವಾದ ಹೆಸರು ಗಡುವು. ದಾಸ್ತಯೆವ್‌ಸ್ಕಿಯನ್ನು ನೋಡಿ. ಸಾಲದಲ್ಲಿ ಮುಳುಗಿ ಸ್ಟೆಲ್ಲೊವ್‌ಸ್ಕಿ ಎಂಬ ಪ್ರಕಾಶಕನ ಜೊತೆ ಒಪ್ಪಂದ ಮಾಡಿಕೊಂಡಿದ್ದ. 1866ರ ನವೆಂಬರ್ ಸುಮಾರಿಗೆ ಹೊಸ ಕಾದಂಬರಿ ಕೊಡದಿದ್ದರೆ ಮುಂದಿನ ಒಂಬತ್ತು ವರ್ಷ ಇವನು ಬರೆದದ್ದನ್ನೆಲ್ಲ ಪ್ರಕಾಶಕ ಪುಕ್ಕಟೆ ಅಚ್ಚುಹಾಕಬಹುದು. ಅತ್ತ 'ಅಪರಾಧ ಮತ್ತು ಶಿಕ್ಷೆ' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದೆ, ಇತ್ತ ಅಕ್ಟೋಬರ್ ಬಂದರೂ ಹೊಸದರ ಒಂದು ಸಾಲಿಲ್ಲ. ಅನ್ನಾ ಎಂಬ ಶೀಘ್ರಲಿಪಿಕಾರ್ತಿಯನ್ನು ಗೊತ್ತುಮಾಡಿಕೊಂಡು, ಹೇಳಿ ಬರೆಸಿ, 26 ದಿನಕ್ಕೆ 'ಜೂಜುಕೋರ' ಮುಗಿಸಿದ. ಒಯ್ದುಕೊಡೋಣವೆಂದರೆ ಪ್ರಕಾಶಕ ಬೇಕೆಂದೇ ಊರು ಬಿಟ್ಟಿದ್ದಾನೆ. ಹಸ್ತಪ್ರತಿಯನ್ನು ಪೊಲೀಸ್ ಠಾಣೆಗೆ ಕೊಟ್ಟು ರಸೀತಿ ತಗೊಂಡ! ಮುಂದಿನ ಫೆಬ್ರವರಿಯಲ್ಲಿ ಅನ್ನಾಳನ್ನೇ ಮದುವೆಯಾದ. ವಿಶ್ವಸಾಹಿತ್ಯದಲ್ಲಿ ಗಡುವಿನಿಂದ ಇಷ್ಟು ಲಾಭವಾದವನು ಇನ್ನೊಬ್ಬನಿಲ್ಲ: ಕಾದಂಬರಿಯೂ ಸಿಕ್ಕಿತು, ಹೆಂಡತಿಯೂ ಸಿಕ್ಕಳು, ಹಕ್ಕೂ ಉಳಿಯಿತು.

ನಮ್ಮಲ್ಲಿ ಅ.ನ.ಕೃ. ನೂರಕ್ಕೂ ಹೆಚ್ಚು ಕಾದಂಬರಿ ಬರೆದದ್ದನ್ನು ಈಗಿನವರು ಸ್ವಲ್ಪ ಮೂಗು ಮುರಿದೇ ಹೇಳುತ್ತಾರೆ. ಬರವಣಿಗೆಯನ್ನೇ ನಂಬಿ ಮನೆ ನಡೆಸಿದವರು ಅವರು. ಬಾಡಿಗೆಯವನು ತಿಂಗಳ ಮೊದಲಿಗೆ ಬಂದಾಗ ಮೂಡಿಲ್ಲ ಎಂದು ಹೇಳಿ ಕಳಿಸಲಾಗುತ್ತದೆಯೇ? ವಾರಪತ್ರಿಕೆಗಳ ಧಾರಾವಾಹಿಯ ಕಾಲವೂ ಅಂಥದ್ದೇ. ಕಂತಿನ ಕೊನೆಯಲ್ಲಿ ನಾಯಕಿಯನ್ನು ರೈಲುಹಳಿಯ ಹತ್ತಿರ ನಿಲ್ಲಿಸಿ 'ಮುಂದುವರಿಯುವುದು' ಎಂದು ಬರೆದ ಲೇಖಕನಿಗೆ ಮುಂದಿನ ವಾರದೊಳಗೆ ಅವಳನ್ನು ಇಳಿಸಿಕೊಳ್ಳುವ ಜವಾಬ್ದಾರಿ ಬರುತ್ತಿತ್ತು. ಹಳ್ಳಿಹಳ್ಳಿಯಿಂದ ಕಾಗದ: ಅವಳನ್ನು ಸಾಯಿಸಿದರೆ ನಿಮಗೆ ಒಳ್ಳೆಯದಾಗುವುದಿಲ್ಲ. ಟ್ರಾಲಪ್‌ನದು ಇದಕ್ಕೆ ತಿರುವುಮುರುವು. ಕ್ಲಬ್ಬಿನಲ್ಲಿ ಕೂತು ಬರೆಯುತ್ತಿದ್ದಾಗ ಇಬ್ಬರು ಪಾದ್ರಿಗಳು ಇವನ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುವ ಮಿಸೆಸ್ ಪ್ರೌಡಿ ಎಂಬ ಬಜಾರಿ ಹೆಂಗಸನ್ನು ಬೈಯುತ್ತಿದ್ದರು. ಇವನು ಎದ್ದು ಹೋಗಿ ತನ್ನ ಪರಿಚಯ ಹೇಳಿ, ವಾರ ಮುಗಿಯುವುದರೊಳಗೆ ಅವಳನ್ನು ಕೊಂದುಬಿಡುತ್ತೇನೆಂದು ಮಾತುಕೊಟ್ಟ. ಕೊಂದ. ಆಮೇಲೆ ಅವಳನ್ನು ನೆನೆದು ಬೇಜಾರುಪಟ್ಟುಕೊಂಡ. ಇದಕ್ಕಿಂತ ಸೃಜನಶೀಲ ಪ್ರಕ್ರಿಯೆ ಇನ್ನೇನು ಬೇಕು ಹೇಳಿ?

ನನ್ನ ಈ ಸಿದ್ಧಾಂತಕ್ಕೆ ಮನೆಯಲ್ಲೇ ಪುರಾವೆಯಿದೆ. ನಿವೃತ್ತಿಯ ನಂತರ ನಮ್ಮ ಕತೆಗಾರರು ಬರೆದಿರುವುದು ಒಂದೇ ಕತೆ. ಒಂದು ದೀಪಾವಳಿ ವಿಶೇಷಾಂಕದವರು ಫೋನು ಮಾಡಿ, ಯಾರೋ ಕೊನೇ ಗಳಿಗೆಯಲ್ಲಿ ಕೈಕೊಟ್ಟರು, ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಬೇಕು, ಆಗುತ್ತದೋ ಇಲ್ಲವೋ ಎಂದು ಕೇಳಿದರು. ಅವತ್ತು ಪೂರ್ವದ ಕಿಟಕಿಯೂ ಬೇಕಾಗಲಿಲ್ಲ, ಇಂಕಿನ ಪೆನ್ನೂ ಬೇಕಾಗಲಿಲ್ಲ. ಊಟದ ಮೇಜಿನ ಮೇಲೆ, ಅತ್ತಿಗೆ ಬಟಾಣಿ ಬಿಡಿಸುತ್ತಿದ್ದ ಕಡೆಯೇ ಕೂತು, ಮೊಮ್ಮಗನ ರಫ್ ನೋಟಿನಲ್ಲಿ ಬರೆದರು. ಮೊಮ್ಮಗ ನಡುವೆ ಬಂದು ಪುಸ್ತಕ ಕೇಳಿದ್ದಕ್ಕೆ ಬೈಸಿಕೊಂಡ. ಕತೆ ಚೆನ್ನಾಗಿತ್ತು. ಬಟಾಣಿ ಬಿಡಿಸುವ ಹೆಂಗಸೊಬ್ಬಳು ಅದರಲ್ಲಿ ಬಂದಿದ್ದಳು, ಮತ್ತು ಅವಳೇ ಆ ಕತೆಯ ಜೀವ. 'ಹೇಗೆ ಬರೆದಿರಿ ಸಾರ್?' ಎಂದೆ, ಸುಮ್ಮನೆ ರೇಗಿಸಲು. ಕಣ್ಣು ಮುಚ್ಚಿದರು, ಕನ್ನಡಕ ತೆಗೆದರು. 'ಬಹಳ ವರ್ಷದಿಂದ ಒಳಗೇ ಮಾಗ್ತಾ ಇತ್ತು ಕಣಯ್ಯಾ.'

ಆದ್ದರಿಂದ ವಿಶೇಷಾಂಕ, ವಾರಪತ್ರಿಕೆ, ಪುರವಣಿಗಳ ಸಂಪಾದಕ ಮಹಾಶಯರಲ್ಲಿ ಒಂದು ವಿನಂತಿ. ನಮ್ಮ ಕತೆಗಾರರಿಗೆ 'ನಿಮ್ಮ ಬಿಡುವು ನೋಡಿಕೊಂಡು ಒಂದು ಕತೆ ಕೊಡಿ' ಎಂದು ದಯವಿಟ್ಟು ಬರೆಯಬೇಡಿ. ಬಿಡುವು ಅವರಲ್ಲಿ ಬೇಕಾದಷ್ಟಿದೆ, ತೊಂದರೆಯೇ ಅದು. ವಾರ ಹೇಳಿ, ಗಂಟೆ ಹೇಳಿ, ಪದಮಿತಿ ಹೇಳಿ, ತಡವಾದರೆ ಬೇರೆಯವರದನ್ನು ಹಾಕುತ್ತೇವೆಂದೂ ಹೇಳಿ. ಅವರ ಪ್ರತಿಸ್ಪರ್ಧಿಯ ಹೆಸರನ್ನು ಮಾತಿನ ಮಧ್ಯೆ ಒಂದು ಸಲ ಬಿಟ್ಟರೆ ಕತೆ ಇನ್ನೂ ಎರಡು ದಿನ ಮುಂಚೆ ಬರುತ್ತದೆ. ಸಂಭಾವನೆಯನ್ನು ಮಾತ್ರ ಅತ್ತಿಗೆಯ ಖಾತೆಗೆ ಹಾಕಿ, ಕಾಫಿಯ ಹಳೇ ಬಾಕಿ ಇನ್ನೂ ತೀರಿಲ್ಲ.